ಪರ್ಸಿ ಕಲ್ಲಿನ ಮೇಲೆ ಅಶೋಕ: ಕಲಬುರಗಿ ಮ್ಯೂಸಿಯಂನಲ್ಲಿ ಎಲ್ಲಿ ನಿಲ್ಲಬೇಕು?

(ದೃಶ್ಯ: ಸೇಡಂ ರಸ್ತೆ, ಆಟೋಗಳ ಹಾರ್ನ್. ಕ್ಯಾಮೆರಾ ಗುಮ್ಮಟದ ಕಡೆ ತಿರುಗುತ್ತದೆ.)

ನಮಸ್ಕಾರ ರೀ. ಈ ಗುಮ್ಮಟಗಳ ಮುಂದೆ ದಿನಾ ಓಡಾಡ್ತೀರಿ. ಒಳಗೆ ಹೋಗಿದ್ದೀರಾ? ಇದು ನಮ್ಮ ಸರ್ಕಾರಿ ಮ್ಯೂಸಿಯಂ. ಬಹಮನಿ ಕಾಲದ ಗೋರಿ ಕಟ್ಟಡ. ಗೋಡೆ ದಪ್ಪ, ಹಾಗಾಗಿ ಏಪ್ರಿಲ್ ಬಿಸಿಲಲ್ಲೂ ಒಳಗೆ ತಂಪು. ಕಲಬುರಗಿಯವರಿಗೆ ಇಷ್ಟು ಕಾರಣ ಸಾಕು ಅಲ್ವಾ?

ಜಾಸ್ತಿ ಜನ ಒಂದು ಸುತ್ತು ಹಾಕಿ, "ಬರೀ ಒಡೆದ ಮೂರ್ತಿ" ಅಂತ ಹೊರಗೆ ಬರುತ್ತಾರೆ. ಎಲ್ಲವನ್ನೂ ನೋಡಲೇಬೇಕು ಅಂತಿಲ್ಲ. ಸನ್ನತಿಯಿಂದ ಬಂದ ಕಲ್ಲುಗಳ ಮುಂದೆ ಮಾತ್ರ ನಿಂತುಬಿಡಿ.

(ದೃಶ್ಯ: ಕೆತ್ತನೆಯ ಅಂಚು, ತೀರಾ ಹತ್ತಿರದಿಂದ.)

ಈ ಕಲ್ಲು ಗುರುತು ಸಿಕ್ಕಿತಾ? ನಮ್ಮ ಮನೆಗಳ ನೆಲಕ್ಕೆ ಹಾಸುವ ಪರ್ಸಿಯ ಬಳಗವೇ ಇದು. ಭೀಮಾ ತೀರದ ಸುಣ್ಣದ ಕಲ್ಲು. ಪದರ ಪದರವಾಗಿ ಏಳುತ್ತದೆ, ಕಣ ನುಣುಪು. ಶಿಲ್ಪಿ ತೆಳ್ಳಗಿನ ಉಬ್ಬಿನಲ್ಲೇ ಇಡೀ ಕಥೆ ಹೇಳಿಬಿಡುತ್ತಾನೆ. ನೇರ ಎದುರಿಗೆ ನಿಂತರೆ ಅರ್ಧ ಕಾಣುವುದೇ ಇಲ್ಲ. ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಬೆಳಕು ಅಡ್ಡ ಬಿದ್ದಾಗ ಬೆರಳು, ಬಟ್ಟೆಯ ಮಡಿಕೆ ಎಲ್ಲಾ ಎದ್ದು ಬರುತ್ತವೆ.

(ದೃಶ್ಯ: ಚಿತ್ತಾಪುರ ತಾಲ್ಲೂಕು, ಸನ್ನತಿ. ಭೀಮಾ ನದಿ.)

ಆ ಕಲ್ಲುಗಳ ಊರಾದ ಸನ್ನತಿ ಅಂದರೆ ನಮಗೆ ಚಂದ್ರಲಾಂಬೆ ದೇವಿಯ ಗುಡಿ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಛಾವಣಿ ಕುಸಿದು ಮೂರ್ತಿ ಒಡೆಯಿತು. ಅದರ ಕೆಳಗಿದ್ದ ಪೀಠದ ಕಲ್ಲು ನೋಡಿದರೆ, ಮೈಮೇಲೆಲ್ಲಾ ಬ್ರಾಹ್ಮಿ ಅನ್ನುವ ಪುರಾತನ ಲಿಪಿಯ ಅಕ್ಷರ! ಅಶೋಕನ ಶಾಸನ, ಎರಡೂ ಬದಿಗೆ. ಮೂರ್ತಿಯ ಬುಡ ಕೂರಲಿ ಅಂತ ಯಾರೋ ನಡುವೆ ತೂತು ಕೊರೆದಿದ್ದರು. ಆ ಜಾಗದ ಅಕ್ಷರಗಳು ಹೋದವು.

ಕೊರೆದವನನ್ನು ಬೈಯುವುದು ಸುಲಭ. ಆದರೆ ಬ್ರಾಹ್ಮಿಯನ್ನು ಓದುವುದೇ ಜನರಿಗೆ ಮರೆತುಹೋಗಿತ್ತು. ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಅದನ್ನು ಓದಿ ಬಿಡಿಸಿದ್ದು 1837ರಲ್ಲಿ. ಕೊರೆದವನಿಗೆ ಅದು ಗಟ್ಟಿ ಚಪ್ಪಡಿ, ಅಷ್ಟೇ. ನನ್ನ ಕೇಳಿದರೆ, ದೇವಿಯ ಕೆಳಗೆ ಸೇರಿದ್ದಕ್ಕೇ ಅದು ಯಾರದೋ ಹಿತ್ತಲಿನ ಒಗೆಯೋ ಕಲ್ಲಾಗಲಿಲ್ಲ.

(ದೃಶ್ಯ: ಕನಗನಹಳ್ಳಿಯ ಸ್ತೂಪದ ಚಪ್ಪಡಿಗಳು.)

ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಅದರ ಒಂದು ಚಪ್ಪಡಿಯಲ್ಲಿ ರಾಜ, ರಾಣಿ, ಸೇವಕಿಯರು. ಜೊತೆಗೆ ಬ್ರಾಹ್ಮಿಯಲ್ಲಿ "ರಾಯಾ ಅಸೋಕೋ", ಅಂದರೆ ರಾಜ ಅಶೋಕ. ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನದಲ್ಲಿ 1915ರಲ್ಲಿ ಅಶೋಕನ ಹೆಸರು ಸಿಕ್ಕಿತ್ತು, ಇಲ್ಲಿ ಹೆಸರಿನ ಜೊತೆ ಚಿತ್ರವೂ ಸಿಕ್ಕಿತು. ಹಾಗಂತ "ಅಶೋಕನ ಫೋಟೋ" ಅಂತ ವಾಟ್ಸಾಪ್‌ನಲ್ಲಿ ಹಂಚಬೇಡಿ ಮತ್ತೆ. ಅವನು ಸತ್ತು ಶತಮಾನಗಳಾದ ಮೇಲೆ ಶಾತವಾಹನರ ಕಾಲದವರು ಕೆತ್ತಿದ್ದು. ಶಿಲ್ಪಿ ಅವನ ಮುಖ ಎಲ್ಲಿ ನೋಡಿರ್ತಾನೆ?

(ದೃಶ್ಯ: ಮತ್ತೆ ಕಲಬುರಗಿ ಪೇಟೆ.)

"ಪೇಂಟಿಂಗ್ ಇಲ್ವಾ?" ಅಂತ ಕೇಳುವವರಿಗೆ: ಅದಕ್ಕೆ ಎಸ್. ಎಂ. ಪಂಡಿತರ ಗ್ಯಾಲರಿ ಬೇರೆ ಇದೆ. 1916ರಲ್ಲಿ ಇದೇ ಊರಲ್ಲಿ ಹುಟ್ಟಿ, ಬೊಂಬಾಯಿಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ದೇವರುಗಳನ್ನು ಬರೆದವರು. ಅವರ ಬಗ್ಗೆ ಮುಂದಿನ ವಿಡಿಯೋ. ನಿಮ್ಮಜ್ಜಿ ಮನೆ ಗೋಡೆಯಲ್ಲಿ ಅವರ ಕ್ಯಾಲೆಂಡರ್ ಇದ್ದರೆ ಫೋಟೋ ಕಳಿಸಿ, ಅದರಲ್ಲಿ ತೋರಿಸ್ತೀವಿ.