ಅಕ್ಕಪಕ್ಕದವರು ಜೊತೆಯಲ್ಲೇ ಆಡಲಿ

ಕೇಳುಗರಿಗೆ ನಮಸ್ಕಾರ. ಅಮೆರಿಕದ ಕಾಲೇಜು ಫುಟ್‌ಬಾಲ್ ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಎಸೆದು, ಹಿಡಿದು, ಓಡುವ ಆಟ. ಅಲ್ಲಿನ ವಿಶ್ವವಿದ್ಯಾಲಯಗಳು ಕಾನ್ಫರೆನ್ಸ್ ಎಂಬ ಗುಂಪು ಕಟ್ಟಿಕೊಂಡು ಆಡುತ್ತವೆ. ಮೊದಲೆಲ್ಲ ಹೆಚ್ಚಾಗಿ ಅಕ್ಕಪಕ್ಕದ ರಾಜ್ಯಗಳದ್ದೇ ಒಂದು ಗುಂಪು.

ಪಶ್ಚಿಮ ಕರಾವಳಿಯ ಪ್ಯಾಕ್-12 ಅಂಥದ್ದೇ. ಅದರ ಬೇರು 1915ರದ್ದು. 2022ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ವಿಶ್ವವಿದ್ಯಾಲಯಗಳೆರಡೂ ಈ ಗುಂಪು ಬಿಡುವುದಾಗಿ ಹೇಳಿದವು. ಟಿವಿ ದುಡ್ಡು ಜಾಸ್ತಿ ಇದ್ದ ಬಿಗ್ ಟೆನ್ ಎಂಬ ಬೇರೆ ಗುಂಪಿನ ಕಡೆ ನಡೆದವು. ಮರುವರ್ಷ ಉಳಿದವರೂ ಒಬ್ಬರ ಹಿಂದೆ ಒಬ್ಬರು ಎದ್ದರು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಕೂಡ ಅಟ್ಲಾಂಟಿಕ್ ಕರಾವಳಿಯವರ ಎಸಿಸಿ ಎಂಬ ಗುಂಪು ಸೇರಿದವು! ಹನ್ನೆರಡರಲ್ಲಿ ಉಳಿದದ್ದು ಆರೆಗನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ.

ವಾಷಿಂಗ್ಟನ್ ಸ್ಟೇಟ್ ಇರುವ ಪುಲ್‌ಮನ್ ಸಣ್ಣ ಊರು. ಸುತ್ತಲೂ ಗೋಧಿ ಬೆಳೆಯುವ ಗುಡ್ಡಗಳು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೇಲೆ ಇವರು 1900ರಿಂದ ಆಡುತ್ತಾ ಬಂದವರು. ಈಗಲೂ ಆಡುತ್ತಾರೆ, ಆದರೆ ಅದು ಗುಂಪಿನ ಲೆಕ್ಕಕ್ಕೆ ಬರುವುದಿಲ್ಲ. ಸಿಯಾಟಲ್‌ನವರು ಬಿಗ್ ಟೆನ್‌ಗೆ ಹೋಗಿಬಿಟ್ಟರು. ಪುಲ್‌ಮನ್ ಮಾಡಿದ ತಪ್ಪೇನು? ಅಲ್ಲಿ ಟಿವಿ ನೋಡುವ ಮನೆಗಳು ಕಡಿಮೆ, ಅಷ್ಟೇ.

ಫುಟ್‌ಬಾಲ್ ವಾರಕ್ಕೊಂದೇ ಪಂದ್ಯ, ಹೇಗೋ ನಿಭಾಯಿಸಬಹುದು. ಆದರೆ ಉಳಿದ ಆಟಗಳ ತಂಡಗಳೂ ಹೊಸ ಗುಂಪಿಗೇ ಹೋಗಬೇಕಾಯಿತು. ವಾಲಿಬಾಲ್ ಹುಡುಗಿಯರು ಏನು ಮಾಡಬೇಕು? ಲಾಸ್ ಏಂಜಲೀಸ್‌ನಿಂದ ಹೊಸ ಗುಂಪಿನ ರಟ್ಗರ್ಸ್ ಇರುವ ನ್ಯೂಜೆರ್ಸಿಗೆ ಹತ್ತಿರ ಹತ್ತಿರ 4,000 ಕಿಲೋಮೀಟರ್. ಗಡಿಯಾರದಲ್ಲೇ ಮೂರು ಗಂಟೆ ವ್ಯತ್ಯಾಸ. ಪಂದ್ಯ ಮುಗಿಸಿ ವಾಪಸ್ ಬಂದು ಕ್ಲಾಸಿಗೆ ಕೂರಬೇಕು. ಇವರೂ ವಿದ್ಯಾರ್ಥಿಗಳೇ ಅಲ್ವಾ? ಫುಟ್‌ಬಾಲ್‌ಗೆ ಬೇಕಾದರೆ ಬೇರೆ ಗುಂಪು ಇರಲಿ. ಉಳಿದ ಆಟಗಳನ್ನು ಹಳೆಯ ನೆರೆಹೊರೆಗೆ ಮರಳಿಸಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ವರ್ಷದ ಕೊನೆಗೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಫುಟ್‌ಬಾಲ್ ಪ್ಲೇಆಫ್ ಮಾತ್ರ ಸುಧಾರಿಸಿದೆ. 2023ರಲ್ಲಿ ಫ್ಲಾರಿಡಾ ಸ್ಟೇಟ್ ಹದಿಮೂರಕ್ಕೆ ಹದಿಮೂರೂ ಗೆದ್ದಿತ್ತು. ಆದರೂ ನಾಲ್ಕು ತಂಡಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಗಾಯಗೊಂಡಿದ್ದ ಎಂಬುದನ್ನೂ ತಂಡಗಳನ್ನು ಆರಿಸುವ ಸಮಿತಿ ಲೆಕ್ಕಕ್ಕೆ ಹಿಡಿಯಿತು. ಎಂಥಾ ಅನ್ಯಾಯ! 2024ರಿಂದ ಹನ್ನೆರಡು ತಂಡ. ಎಂಟನೇ ಶ್ರೇಯಾಂಕದ ಒಹಾಯೊ ಸ್ಟೇಟ್ ಒಳಗೆ ಬಂದು ಕಪ್ಪನ್ನೇ ಗೆದ್ದಿತು.

ಆಮೇಲೆ ಬಿಗ್ ಟೆನ್ ಹೊಸ ಬೇಡಿಕೆ ಇಟ್ಟಿತು. ತನಗೂ ಎಸ್‌ಇಸಿ ಎಂಬ ಇನ್ನೊಂದು ದೊಡ್ಡ ಗುಂಪಿಗೂ ಪ್ಲೇಆಫ್‌ನಲ್ಲಿ ತಲಾ ನಾಲ್ಕು ಜಾಗ ಮೊದಲೇ ಕಾಯ್ದಿರಿಸಬೇಕಂತೆ. ಖಂಡಿತ ಕೊಡಬಾರದು. ಆಡದೆ ಸಿಗುವ ಜಾಗಕ್ಕೆ ಬೆಲೆ ಏನು? ಐದು ಕಾನ್ಫರೆನ್ಸ್‌ಗಳ ಚಾಂಪಿಯನ್ನರಿಗೆ ಜಾಗ ಕೊಡುವ ನಿಯಮ ಉಳಿಯಲಿ. 2024ರಲ್ಲಿ ಐಡಾಹೊದ ಬಾಯ್ಸಿ ಸ್ಟೇಟ್‌ನಂಥ ತಂಡ ದೊಡ್ಡವರ ಸಾಲಿನಲ್ಲಿ ನಿಂತದ್ದು ಆ ನಿಯಮದಡಿ.