ಬಿಲ್ಬಾವೊ ಊರಿಗೆ ಫೈನಲ್ ಬಂದ ದಿನ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಸ್ಪೇನಿನ ಬಿಲ್ಬಾವೊದಲ್ಲಿ ನಮ್ಮ ಮನೆ ಕೆಳಗಿನ ಬೀದಿ. 2024ರ ಮೇ 25, ಶನಿವಾರ, ಬೆಳಗ್ಗೆ ಒಂಬತ್ತೂವರೆ. ಬೇರೆ ಶನಿವಾರಗಳಲ್ಲಿ ಈ ಹೊತ್ತಿಗೆ ನಾಯಿ ಕರೆದುಕೊಂಡು ಹೋಗುವವರು ಬಿಟ್ಟರೆ ಇಲ್ಲಿ ಯಾರೂ ಕಾಣುವುದಿಲ್ಲ. ಇವತ್ತು ಎಲ್ಲಿ ನೋಡಿದರೂ ಬಾರ್ಸಿಲೋನಾದ ನೀಲಿ, ಕೆಂಪು ಜರ್ಸಿ. ಅಲ್ಲಿಂದ ಇಲ್ಲಿಗೆ ರಸ್ತೆಯಲ್ಲಿ ಸುಮಾರು ಆರುನೂರು ಕಿಲೋಮೀಟರ್. ಬೆಂಚಿನ ಮೇಲೆ ಕೂತು ಬ್ರೆಡ್ ತಿನ್ನುತ್ತಿರುವ ಈ ಕುಟುಂಬ ರಾತ್ರಿಯಿಡೀ ಬಸ್ಸಿನಲ್ಲಿ ಬಂದದ್ದು.

ಅಮ್ಮ ಅರಸೀಕೆರೆಯಿಂದ ಬಂದು ಎರಡು ವಾರ ಆಗಿತ್ತು. ಬಾಲ್ಕನಿಯಿಂದ ಬಗ್ಗಿ ನೋಡಿ, "ಏನೇ ಇದು, ಜಾತ್ರೇನಾ?" ಅಂದರು.

"ಹೂಂ ಅಮ್ಮ. ಹೆಂಗಸರ ಫುಟ್‌ಬಾಲ್ ಜಾತ್ರೆ."

ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್ ಫೈನಲ್. ಬಾರ್ಸಿಲೋನಾ ಮತ್ತು ಫ್ರಾನ್ಸಿನ ಲಿಯೋನ್. ನಮ್ಮ ಊರಿನ ತಂಡ ಆಟದಲ್ಲೇ ಇಲ್ಲ. ಆದರೂ ಇಡೀ ಊರು ತಮ್ಮ ಮನೆ ಮದುವೆ ಅನ್ನೋ ಹಾಗೆ ಓಡಾಡುತ್ತಿತ್ತು. ಇವತ್ತಿನ ವಿಡಿಯೋ ಅದರ ಬಗ್ಗೆ.

ಈ ಫೈನಲ್ ಬಿಲ್ಬಾವೊಗೆ ಬಂದ ಕಥೆಯೂ ಚೆನ್ನಾಗಿದೆ. ಮುಂದಕ್ಕೆ ಹೋಗಿದ್ದ ಯೂರೋ 2020, ಅಂದರೆ ಯುರೋಪಿನ ದೇಶಗಳ ಗಂಡಸರ ಟೂರ್ನಿಯ ಕೆಲವು ಪಂದ್ಯಗಳು 2021ರಲ್ಲಿ ಇಲ್ಲಿ ನಡೆಯಬೇಕಿತ್ತು. ಕೋವಿಡ್ ಕಾಲ, ಜನರನ್ನು ಒಳಗೆ ಬಿಡುವ ವಿಷಯದಲ್ಲಿ ಮಾತು ಹೊಂದಲಿಲ್ಲ. ಪಂದ್ಯಗಳು ಸ್ಪೇನಿನ ಇನ್ನೊಂದು ಊರಾದ ಸೆವಿಯಾಗೆ ಹೋದವು. ಅದಕ್ಕೆ ಬದಲಾಗಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ಈ ಊರಿಗೆ ಎರಡು ಫೈನಲ್ ಕೊಟ್ಟಿತು. ಒಂದು 2024ರ ಮಹಿಳೆಯರದ್ದು, ಇನ್ನೊಂದು 2025ರ ಗಂಡಸರ ಯುರೋಪಾ ಲೀಗ್‌ನದ್ದು. ಬದಲಿಗೆ ಬಂದದ್ದು ತಾನೇ ಅಂತ ಇಲ್ಲಿನವರು ಇದನ್ನು ಸುಮ್ನೆ ಮುಗಿಸಿ ಕೈ ತೊಳೆದುಕೊಳ್ಳಲಿಲ್ಲ.

ಇನ್ನೊಂದು ಮಾತು. 2010ರಿಂದ 2018ರವರೆಗೆ ಈ ಫೈನಲ್ ಗಂಡಸರ ಫೈನಲ್ ನಡೆಯುವ ಊರಿನಲ್ಲೋ ಅದರ ಆಸುಪಾಸಿನಲ್ಲೋ, ಅದೇ ವಾರ ನಡೆಯುತ್ತಿತ್ತು. ದೊಡ್ಡ ಊಟದ ಜೊತೆ ಒಂದು ಸಣ್ಣ ತಟ್ಟೆ ಇಟ್ಟ ಹಾಗೆ. 2019ರಿಂದ ಅದಕ್ಕೆ ತನ್ನದೇ ಊರು, ತನ್ನದೇ ದಿನ. ಎಷ್ಟು ಒಳ್ಳೆಯ ಕೆಲಸ ಅಲ್ವಾ?

ಇದು ಪೋಸಾಸ್ ಬೀದಿ. ಎರಡೂ ಬದಿಗೆ ಬಾರ್‌ಗಳು, ತುದಿಗೆ ಸಾನ್ ಮಾಮೆಸ್ ಸ್ಟೇಡಿಯಂ. ಈ ಬಾರ್ ಬಾಗಿಲ ಮೇಲೆ ಕೈಬರಹದಲ್ಲಿ ಇರುವುದು 'ಓಂಗಿ ಎತೋರ್ರಿ'. ಬಾಸ್ಕ್ ಭಾಷೆಯಲ್ಲಿ ಸುಸ್ವಾಗತ ಅಂತ. ಇಲ್ಲಿನವರಿಗೆ ತಮ್ಮ ಭಾಷೆ ಅಂದರೆ ಪ್ರಾಣ. ಬಾರ್ಸಿಲೋನಾ ಬಾವುಟದ ಪಕ್ಕದಲ್ಲೇ ಲಿಯೋನ್ ಬಾವುಟವನ್ನೂ ಕಟ್ಟಿದ್ದಾರೆ ನೋಡಿ. ಒಳಗಿದ್ದ ಅಜ್ಜಿ ಅಮ್ಮನ ಸೀರೆ ಅಂಚು ಮುಟ್ಟಿ ನೋಡಿ, ಒಂದು ತಟ್ಟೆ ಆಲೂಗಡ್ಡೆ ಆಮ್ಲೆಟ್ ತಂದಿಟ್ಟರು. ಅಮ್ಮ ಮೊಟ್ಟೆ ತಿನ್ನುವುದಿಲ್ಲ. ಕೈ ಮುಗಿದರು. ಅಜ್ಜಿಗೆ ಹೇಗೋ ಅರ್ಥವಾಯಿತು. ಒಳಗೆ ಹೋಗಿ ಹುರಿದ ಹಸಿಮೆಣಸಿನಕಾಯಿ ತಂದರು. ಮೇಲೆ ಉಪ್ಪಿನ ಹರಳು ಕಾಣುತ್ತಿತ್ತು. ಖಾರವೇ ಇಲ್ಲ. ಅಮ್ಮ ತಟ್ಟೆ ಖಾಲಿ ಮಾಡಿದರು.

ಈ ಊರಿಗೆ ಹೆಂಗಸರ ಆಟ ಹೊಸದಲ್ಲ. ಇಲ್ಲಿನ ಅಥ್ಲೆಟಿಕ್ ಕ್ಲಬ್‌ನ ಮಹಿಳಾ ತಂಡ ಸ್ಪೇನ್ ಲೀಗನ್ನು ಐದು ಸಲ ಗೆದ್ದಿದೆ. 2019ರ ಜನವರಿಯಲ್ಲಿ, ಇದೇ ಮೈದಾನದಲ್ಲಿ, ಒಂದು ಕ್ವಾರ್ಟರ್ ಫೈನಲ್‌ಗೆ 48,121 ಜನ ಬಂದಿದ್ದರು. ಅದೂ ಬುಧವಾರ ರಾತ್ರಿ!

ಸಂಜೆ ಆರಕ್ಕೆ ಆಟ ಶುರು. ಸ್ಟೇಡಿಯಂನಲ್ಲಿ ನಾವು ಕೂತದ್ದು ಗೋಲಿನ ಹಿಂದೆ, ಮೇಲಿನ ಸಾಲಿನಲ್ಲಿ. ಅವತ್ತು ಬಂದವರು 50,827 ಜನ. ಈ ಫೈನಲ್‌ನ ಇತಿಹಾಸದಲ್ಲೇ ಅಷ್ಟು ಜನ ಸೇರಿರಲಿಲ್ಲ. ಲಿಯೋನ್ ಅಷ್ಟರಲ್ಲಿ ಈ ಕಪ್ ಎಂಟು ಸಲ ಗೆದ್ದಿದ್ದ ತಂಡ. ಬಾರ್ಸಿಲೋನಾ ಅದರ ಮುಂದೆ ನಾಲ್ಕು ಸಲ ಆಡಿ, ನಾಲ್ಕೂ ಸೋತಿತ್ತು. ಮೊದಲರ್ಧ ಗೋಲಿಲ್ಲ. 63ನೇ ನಿಮಿಷಕ್ಕೆ ಬಾರ್ಸಿಲೋನಾದ ಐತಾನಾ ಬೊನ್ಮಾತಿ ಗೋಲಿನ ಮುಂದಿನ ಪೆನಾಲ್ಟಿ ಚೌಕದೊಳಗೆ ನುಗ್ಗಿ ಹೊಡೆದರು. ಚೆಂಡು ಎದುರಾಳಿಗೆ ತಾಗಿ ದಿಕ್ಕು ಬದಲಿಸಿ ಒಳಗೆ ಹೋಯಿತು. ಅಮ್ಮ ಎದ್ದು ನಿಂತರು, ಸೆರಗು ಪಕ್ಕದವರ ಮಡಿಲಿಗೆ ಬಿತ್ತು. ಕೊನೆಗೆ, ತೊಂಬತ್ತು ನಿಮಿಷದ ಮೇಲೆ ರೆಫರಿ ಸೇರಿಸಿದ ನಿಮಿಷಗಳಲ್ಲಿ, ಅದೇ ತಂಡದ ಅಲೆಕ್ಸಿಯಾ ಪುತೆಯಾಸ್ ಬಂದರು. 2022ರಲ್ಲಿ ಮಂಡಿಗೆ ದೊಡ್ಡ ಪೆಟ್ಟಾಗಿ ತಿಂಗಳುಗಟ್ಟಲೆ ಆಟ ಬಿಟ್ಟಿದ್ದವರು. ಮೈದಾನಕ್ಕೆ ಇಳಿದ ಕೆಲವೇ ನಿಮಿಷಕ್ಕೆ ಗೋಲು. ಎರಡು ಸೊನ್ನೆ. ಈ ಕ್ಲಿಪ್ ಅಲ್ಲಾಡಿದೆ, ಕ್ಷಮಿಸಿ. ನನ್ನ ಕೈ ನಡುಗುತ್ತಿತ್ತು.

ವಾಪಸ್ ಮೆಟ್ರೋದಲ್ಲಿ ಅಮ್ಮ ಕೇಳಿದರು. "ನಮ್ಮ ಬೆಂಗಳೂರಲ್ಲಿ ಇಂಥದ್ದು ಆಗಲ್ವಾ?"

ಆಗಿದೆ. 2020ರ ಫೆಬ್ರವರಿ 14, ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್, ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಗೋಕುಲಂ ಕೇರಳ ತಂಡ ಮಣಿಪುರದ ಕ್ರಿಫ್ಸಾವನ್ನು 3-2ರಿಂದ ಸೋಲಿಸಿತು. ಎರಡೂ ಕಡೆ ಎರಡೆರಡು ಗೋಲು ಆಗಿ, ಆಟ ಮುಗಿಯೋ ಹೊತ್ತಿಗೆ ನೇಪಾಳದ ಸಬಿತ್ರಾ ಭಂಡಾರಿ ಗೆಲುವಿನ ಗೋಲು ಹೊಡೆದರು. ಎಂಥ ಆಟ ಇದ್ದಿರಬೇಕು! ಆಗ ನನ್ನ ಆಫೀಸು ರಿಚ್ಮಂಡ್ ರಸ್ತೆಯಲ್ಲಿ. ಸ್ಟೇಡಿಯಂಗೆ ನಡೆದು ಹೋಗುವಷ್ಟೇ ದೂರ. ಅವತ್ತು ಅಲ್ಲಿ ಫೈನಲ್ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಆಫೀಸಿನಲ್ಲಿ ಯಾರ ಬಾಯಲ್ಲೂ ಆ ಮಾತು ಬರಲಿಲ್ಲ, ದಾರಿಯಲ್ಲಿ ಒಂದು ಬ್ಯಾನರೂ ನನ್ನ ಕಣ್ಣಿಗೆ ಬೀಳಲಿಲ್ಲ. ವರ್ಷಗಳ ಮೇಲೆ, ಇಲ್ಲಿ ಕೂತು ಓದಿ ತಿಳಿದುಕೊಂಡೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆ ಹುಡುಗಿಯರು ನಮ್ಮ ಊರಿಗೆ ಬಂದಿದ್ದರು. ನಾನು ಬಾಗಿಲಿಗೂ ಬರಲಿಲ್ಲ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು.

"ನಮ್ಮೋರ ಹೆಣ್ಮಕ್ಕಳ ಟೀಮ್ ಇದೆಯಾ ಅಲ್ಲಿ?"

"ಇದೆ ಅಮ್ಮ. ಕಿಕ್‌ಸ್ಟಾರ್ಟ್ ಅಂತ. ಹೋದ ವರ್ಷ ಲೀಗ್ ಫೈನಲ್‌ಗೆ ಬಂದಿದ್ದರು."

ಅಮ್ಮ ತಮ್ಮ ಫೋನ್ ತೆಗೆದು ನನ್ನ ಕೈಗೆ ಕೊಟ್ಟರು.

"ಮ್ಯಾಚ್ ಯಾವಾಗ ಅಂತ ಗೊತ್ತಾಗೋ ಹಾಗೆ ಇದರಲ್ಲಿ ಏನಾದ್ರೂ ಹಾಕಿಕೊಡು. ನಾನು ಟ್ರೈನ್ ಹತ್ತಿ ಹೋಗ್ತೀನಿ."