ಡ್ರಮ್ ಮಗುಚಿದರೆ ಪೈಪ್ ಹಿಡಿಯಬೇಡಿ

[ದೃಶ್ಯ: ಗೋಡೌನಿನ ನೆಲ, ಮಗುಚಿದ ಡ್ರಮ್, ಹರಡುತ್ತಿರುವ ಎಣ್ಣೆ]

ನಮಸ್ಕಾರ. ವರ್ಕ್‌ಶಾಪಿನಲ್ಲಿ ಆಯಿಲ್ ಡ್ರಮ್ ಮಗುಚಿದರೂ, ಜನರೇಟರ್ ರೂಮಿನಲ್ಲಿ ಡೀಸೆಲ್ ಸೋರಿದರೂ ನಮ್ಮ ಕೈ ಮೊದಲು ಹೋಗುವುದು ನೀರಿನ ಪೈಪಿಗೆ. ಸ್ವಲ್ಪ ಹೊತ್ತು ನೀರು ಬಿಟ್ಟರೆ ನೆಲವೇನೋ ಕ್ಲೀನ್. ಆ ಡೀಸೆಲ್ ಎಲ್ಲಿಗೆ ಹೋಯಿತು? ಚರಂಡಿಗೆ, ಅಲ್ಲಿಂದ ತೋಡಿಗೆ, ತೋಡಿನಿಂದ ಮೊಗ್ರಾಲ್ ಹೊಳೆಗೋ ಚಂದ್ರಗಿರಿಗೋ. ಉಳಿದದ್ದು ನೆಲದೊಳಗೆ ಇಳಿಯುತ್ತದೆ. ನಮ್ಮ ಕಾಸರಗೋಡಿನ ಮುರಕಲ್ಲಿಗೆ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿಗೆ, ಮೈತುಂಬ ತೂತು. ಮಳೆನೀರು ಅದರಲ್ಲಿ ಇಳಿದೇ ಬಾವಿಗೆ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಕ್ಕೆ ಬರುವುದು, ಎಣ್ಣೆಗೂ ಅದೇ ದಾರಿ. ಸೀತಾಂಗೋಳಿಯಲ್ಲೋ ಅನಂತಪುರದಲ್ಲೋ ಯೂನಿಟ್ ನಡೆಸುವವರು ಗೇಟಿನಾಚೆ ಒಮ್ಮೆ ನೋಡಿ. ಅಲ್ಲಿ ಮನೆಗಳಿವೆ, ಬಾವಿಗಳಿವೆ.

ಹಾಗಾದರೆ ಏನು ಮಾಡಬೇಕು? ಚೆಲ್ಲಿದ್ದು ಏನು ಅಂತ ಮೊದಲು ತಿಳಿಯಬೇಕು. ಕೆಮಿಕಲ್ ಮಾರುವವರು ಅದರ ಸೇಫ್ಟಿ ಡೇಟಾ ಶೀಟ್ ಕೊಡುತ್ತಾರೆ, ಅದರಲ್ಲಿ 16 ಭಾಗ ಇರುತ್ತದೆ, ಚೆಲ್ಲಿದರೆ ಏನು ಮಾಡಬೇಕು ಅನ್ನುವುದು 6ನೇ ಭಾಗದಲ್ಲಿ. ಪ್ರಿಂಟ್ ತೆಗೆದು ಗೋಡೌನಿನ ಬಾಗಿಲ ಹತ್ತಿರ ತೂಗುಹಾಕಿ. ಆಫೀಸಿನ ಕಂಪ್ಯೂಟರಿನಲ್ಲಿ ಇದ್ದರೆ ರಾತ್ರಿ ಪಾಳಿಯವರಿಗೆ ಅದು ಸಿಗುವುದಿಲ್ಲ.

ಪೆಟ್ರೋಲ್, ತಿನ್ನರ್ ಆದರೆ ನಿಲ್ಲಬೇಡಿ. ಅವುಗಳ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರ ಹೋಗುತ್ತದೆ. ಸ್ವಿಚ್ ಹಾಕಲೂ ಬಾರದು, ಆರಿಸಲೂ ಬಾರದು, ಎರಡರಲ್ಲೂ ಕಿಡಿ ಇದೆ. ಎಲ್ಲರನ್ನೂ ಗಾಳಿ ಬರುವ ದಿಕ್ಕಿಗೆ ಹೊರಗೆ ಕರೆದುಕೊಂಡು ಹೋಗಿ 101ಕ್ಕೋ 112ಕ್ಕೋ ಫೋನ್ ಮಾಡಿ.

[ದೃಶ್ಯ: ಚರಂಡಿಯ ಬಾಯಿಗೆ ಮರಳಿನ ಚೀಲ]

ಎಂಜಿನ್ ಆಯಿಲ್‌ನಂಥದ್ದಾದರೆ ಡ್ರಮ್ಮನ್ನು ಎತ್ತಿ ನಿಲ್ಲಿಸಿ, ಅಥವಾ ತೂತು ಮೇಲೆ ಬರುವ ಹಾಗೆ ಉರುಳಿಸಿ. ಚರಂಡಿಯ ಬಾಯಿ ಮುಚ್ಚಿ. ಆಮೇಲೆ ಸುತ್ತಲೂ ಮರಳಿನ ಕಟ್ಟೆ ಹಾಕಿ ಹೊರಗಿನಿಂದ ಒಳಕ್ಕೆ ಹೀರಿಸುತ್ತಾ ಬನ್ನಿ. ನಡುವಿನಿಂದ ಶುರು ಮಾಡಿದರೆ ನೀವೇ ತುಳಿದು ಹರಡುತ್ತೀರಿ.

ಮರದ ಪುಡಿ ಹಾಕುವ ರೂಢಿ ನಮ್ಮಲ್ಲಿ ಜಾಸ್ತಿ. ಎಣ್ಣೆಗೆ ಸರಿ. ನೈಟ್ರಿಕ್ ಆಸಿಡ್ ಮೇಲೆ ಮಾತ್ರ ಹಾಕಲೇಬೇಡಿ, ಅದು ತಾನೇ ಹೊತ್ತಿಕೊಳ್ಳಬಹುದು. ರಬ್ಬರ್ ಹಾಲು ಹೆಪ್ಪುಗಟ್ಟಿಸುವವರ ಹತ್ತಿರ ಫಾರ್ಮಿಕ್ ಆಸಿಡ್ ಕ್ಯಾನ್ ಇದ್ದೇ ಇರುತ್ತದೆ, ಅಲ್ವಾ? ಸ್ವಲ್ಪ ಚೆಲ್ಲಿದ್ದರೆ ಗ್ಲೌಸ್, ಕನ್ನಡಕ ಹಾಕಿಕೊಂಡು ಅಂಚಿನಿಂದ ನಿಧಾನವಾಗಿ ಸೋಡಾ ಆಶ್ (ಸೋಡಿಯಂ ಕಾರ್ಬೋನೇಟ್ ಪುಡಿ) ಉದುರಿಸಿ. ನೊರೆ ಬರುತ್ತದೆ, ಅದು ಕಾರ್ಬನ್ ಡೈಆಕ್ಸೈಡ್, ಕಿಟಕಿ ತೆರೆದಿರಲಿ. ನೊರೆ ನಿಂತ ಮೇಲೆ ಆಸಿಡ್ ಇನ್ನೂ ಉಳಿದಿದೆಯೋ ಅಂತ ಪಿಎಚ್ ಪೇಪರಿನಲ್ಲಿ ನೋಡಿ. ವಾಸನೆ ಹೋಗಲಿ ಅಂತ ಬ್ಲೀಚಿಂಗ್ ಪೌಡರ್ ಎರಚಿದರೆ ಆಸಿಡ್ ಜೊತೆ ಸೇರಿ ಕ್ಲೋರಿನ್ ಗ್ಯಾಸ್ ಏಳುತ್ತದೆ, ಶ್ವಾಸಕೋಶವನ್ನೇ ಸುಡುವ ಗ್ಯಾಸ್ ಅದು. ಮೈಮೇಲೆ, ಕಣ್ಣಿಗೆ ಆಸಿಡ್ ಬಿದ್ದವರಿಗೆ ಮಾತ್ರ ತಡಮಾಡದೆ ನೀರು ಬಿಡಿ, ಕಡಿಮೆ ಅಂದರೂ 15 ನಿಮಿಷ, ಆಮೇಲೆ ಆಸ್ಪತ್ರೆಗೆ.

ಇನ್ನು ವೃತ್ತಿಪರ ತಂಡವನ್ನು ಯಾವಾಗ ಕರೆಯಬೇಕು? ಚೆಲ್ಲಿದ್ದು ಏನೆಂದು ಗೊತ್ತಿಲ್ಲದಿದ್ದರೆ, ಆವಿ ಏಳುತ್ತಿದ್ದರೆ, ಆಗಲೇ ಚರಂಡಿಗೋ ಮಣ್ಣಿಗೋ ಇಳಿದಿದ್ದರೆ, ನಿಮ್ಮ ಹತ್ತಿರ ಇರುವ ಸಾಮಾನಿಗೆ ಮೀರಿದ್ದಾದರೆ. ಬಂದವರು ಒಳಗೆ ಕಾಲಿಡುವ ಮೊದಲು ಗ್ಯಾಸ್ ಮೀಟರಿನಲ್ಲಿ ಗಾಳಿ ಅಳೆಯಬೇಕು. ಅಳೆಯದೆ ನುಗ್ಗುವವರನ್ನು ನಾನಾದರೆ ವಾಪಸ್ ಕಳಿಸುತ್ತೇನೆ. ಅವರ ಹತ್ತಿರ ಹೀರುವ ಪ್ಯಾಡ್‌ಗಳು ಬಣ್ಣಬಣ್ಣದವು ಇರುತ್ತವೆ: ಸಾಮಾನ್ಯವಾಗಿ ಬಿಳಿಯದು ಎಣ್ಣೆಯನ್ನು ಮಾತ್ರ ಹೀರುತ್ತದೆ, ನೀರಿನ ಮೇಲೆ ತೇಲುವ ಎಣ್ಣೆಯನ್ನೂ ಬಿಡುವುದಿಲ್ಲ, ಹಳದಿ ಕೆಮಿಕಲ್‌ಗೆ, ಬೂದು ಬಣ್ಣದ್ದು ಎಣ್ಣೆ, ನೀರು ಎರಡಕ್ಕೂ. ಸಿಮೆಂಟ್ ನೆಲ ತೊಳೆದ ನೀರನ್ನೂ ವ್ಯಾಕ್ಯೂಮ್‌ನಿಂದ ಎಳೆದು ಡ್ರಮ್ಮಿಗೆ ತುಂಬುತ್ತಾರೆ. ಎಣ್ಣೆ ಕುಡಿದ ಮಣ್ಣನ್ನು ಅಗೆದು ತೆಗೆಯುತ್ತಾರೆ.

ಆ ಡ್ರಮ್‌ಗಳು ಎಲ್ಲಿಗೆ ಹೋಗುತ್ತವೆ ಅನ್ನುವುದೇ ನಿಜವಾದ ಪ್ರಶ್ನೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಅಂಥದ್ದನ್ನು ಹಿತ್ತಲಲ್ಲಿ ಸುಡುವ ಹಾಗಿಲ್ಲ, ಊರ ಕಸಕ್ಕೆ ಸೇರಿಸುವ ಹಾಗಿಲ್ಲ, ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗೂ ಇಲ್ಲ. ಕೇರಳದಲ್ಲಿ ಇದಕ್ಕೆಂದೇ ಇರುವ ಜಾಗ ಕೊಚ್ಚಿ ಹತ್ತಿರದ ಅಂಬಲಮೇಡಿನಲ್ಲಿದೆ. ಲಾರಿ ಹೊರಡುವಾಗ ಫಾರ್ಮ್ 10, ಅಂದರೆ ಯಾವ ತ್ಯಾಜ್ಯ ಯಾರಿಂದ ಯಾರಿಗೆ ಹೋಗುತ್ತದೆ ಅನ್ನುವ ಮ್ಯಾನಿಫೆಸ್ಟ್, ಜೊತೆಗಿರಬೇಕು. ಅದರ ಪ್ರತಿ ಕೈಗೆ ಬಾರದೆ ಪೂರ್ತಿ ದುಡ್ಡು ಕೊಡಬೇಡಿ. ಕಡಿಮೆ ರೇಟು ಹೇಳಿದವರು ದಾರಿಯ ಯಾವುದೋ ಗುಡ್ಡದಲ್ಲಿ ಸುರಿದು ಹೋದರೆ ನಿಮ್ಮ ಹೊಣೆ ತಪ್ಪುವುದಿಲ್ಲ.

[ದೃಶ್ಯ: ತುಕ್ಕು ಹಿಡಿದ ಬ್ಯಾರೆಲ್‌ಗಳ ಚಿತ್ರ]

ಗೋಡೌನಿನಲ್ಲಿ ಉಳಿದುಹೋದ ವಿಷ ಅಂದರೇನು ಅಂತ ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸುವುದು ನಿಂತ ಎಷ್ಟೋ ವರ್ಷಗಳ ಮೇಲೂ ಉಳಿದ ಸ್ಟಾಕ್ ಹಳೇ ಬ್ಯಾರೆಲ್‌ಗಳಲ್ಲೇ ಕೂತಿತ್ತು. 2012ರಲ್ಲಿ ಅದನ್ನು ಹೊಸ ಬ್ಯಾರೆಲ್‌ಗಳಿಗೆ ತುಂಬಲು ಸರಕಾರವೇ ಒಂದು ಕಾರ್ಯಾಚರಣೆ ನಡೆಸಬೇಕಾಯಿತು. ಹಾಗಾಗಿ ಬಳಕೆ ನಿಂತ ಕೆಮಿಕಲ್ ನಿಮ್ಮ ಶೆಡ್ಡಿನ ಮೂಲೆಯಲ್ಲಿದ್ದರೆ ಈ ವಾರವೇ ಅದರ ತಳ ನೋಡಿ.

ಜೂನ್ ಮಳೆಗೆ ಮೊದಲು ಇನ್ನೊಂದು ಕೆಲಸ. ಟ್ಯಾಂಕಿನ ಸುತ್ತ ಕಟ್ಟೆ ಇದೆ ತಾನೇ? ಒಳಗಿನ ದೊಡ್ಡ ಟ್ಯಾಂಕಿನ 110 ಶೇಕಡಾದಷ್ಟು ಅದರಲ್ಲಿ ಹಿಡಿಸಬೇಕು ಅನ್ನುವುದು ಹಲವು ಕಡೆ ಪಾಲಿಸುವ ಲೆಕ್ಕ. ಮಳೆನೀರು ತುಂಬಿದ್ದರೆ ಆ ಜಾಗವೇ ಇಲ್ಲ. ಎಣ್ಣೆ ತೇಲುತ್ತಿಲ್ಲ ಅಂತ ನೋಡಿಕೊಂಡು ನೀರು ಹೊರಗೆ ಬಿಡಿ, ಬಿಟ್ಟ ಕೂಡಲೇ ವಾಲ್ವ್ ಮುಚ್ಚಿ ಬೀಗ ಹಾಕಿ.